ಮುರುಗಲು, ಉಪ್ಪಾಗೆ, ಸೀಗೆ: ಕಾಡಿನ ಹುಟ್ಟುವಳಿಯನ್ನು ನಂಬಿ ಒಂದು ಸಂಘ ಬದುಕು ಕಟ್ಟಿಕೊಳ್ಳಬಹುದೇ?

ಕಾನಂಚಿನ ಮನೆ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ನಾವು ಹದಿನಾಲ್ಕು ಹೆಂಗಸರು ಸೇರಿ ಸ್ವಸಹಾಯ ಸಂಘವೊಂದನ್ನು ನಡೆಸುತ್ತಿದ್ದೇವೆ. ನಮ್ಮಲ್ಲಿ ಐದು ಮನೆಗಳಿಗೆ ಮಾತ್ರ ಅಡಿಕೆ ತೋಟವಿದೆ. ಉಳಿದವರು ಕೂಲಿಯನ್ನು ನಂಬಿದವರು, ಮಳೆಗಾಲದಲ್ಲಿ ಅದೂ ಸರಿಯಾಗಿ ಸಿಗುವುದಿಲ್ಲ. ಊರ ಹಿಂದೆಯೇ ಕಾನು, ಅಂದರೆ ನಿತ್ಯಹಸಿರಿನ ಕಾಡು ಇದೆ. ನಮ್ಮ ಅತ್ತೆಯಂದಿರ ಕಾಲದಿಂದ ಅಲ್ಲಿಂದ ಮುರುಗಲು (ಪುನರ್ಪುಳಿ), ಸಾರಿನ ಹುಳಿಗೆ ಬಳಸುವ ಉಪ್ಪಾಗೆ, ಸೀಗೆಕಾಯಿ, ಅಂಟುವಾಳ, ವಾಟೆಹುಳಿ ತರುತ್ತಲೇ ಇದ್ದೇವೆ. ಮನೆಬಳಕೆಗೆ ತರುತ್ತಿದ್ದುದನ್ನೇ ಸ್ವಲ್ಪ ಹೆಚ್ಚು ತಂದು ಮಾರಾಟಕ್ಕೆ ಸಿದ್ಧಪಡಿಸೋಣ ಎಂದು ಕಳೆದ ವರ್ಷ ಹೊರಟೆವು.

ಆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಮುರುಗಲಿನ ಶರಬತ್ತಿನ ಪಾಕವನ್ನು 180 ಬಾಟಲಿ ಮಾಡಿದ್ದೆವು. ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಕೋಣೆಯಲ್ಲಿ ಏನೋ ಸಿಡಿದ ಸದ್ದಾಯಿತು. ಬೆಳಕು ಹಾಕಿ ನೋಡಿದರೆ ಮುಚ್ಚಳಗಳು ಹಾರಿ ಗೋಡೆಯ ಮೇಲೆ ಕೆಂಪು ರಸ ಇಳಿಯುತ್ತಿತ್ತು, ಹುಳಿ ಹೆಂಡದ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಮರುದಿನ ಎಣಿಸಿದಾಗ 46 ಬಾಟಲಿ ಕೆಟ್ಟಿದ್ದವು. ವಿಷಯ ತಿಳಿದ ಪೇಟೆಯ ಅಂಗಡಿಯವರು ಚೆನ್ನಾಗಿದ್ದ ಬಾಟಲಿಗಳನ್ನೂ ಹಿಂದಕ್ಕೆ ಕಳಿಸಿದರು. ಇದಕ್ಕೆ ಮೊದಲೇ ಸೀಗೆಕಾಯಿಯ ಎರಡು ಚೀಲಗಳನ್ನು ಗಿರಣಿಗೆ ಒಯ್ಯುವಾಗ ದಾರಿಯಲ್ಲಿ ತಡೆದು, ಆ ಕಾಡಿನ ಉತ್ಪನ್ನ ಗುತ್ತಿಗೆದಾರರಿಗೆ ಸೇರಿದ್ದು ಎಂದು ಹೇಳಿ ಇಳಿಸಿಕೊಂಡಿದ್ದರು. ಮೂರು ದಿನ ಓಡಾಡಿದ ಮೇಲೆ ಒಂದು ಚೀಲ ಮಾತ್ರ ಮರಳಿ ಸಿಕ್ಕಿತು.

ಈ ಸಲ ಮುರುಗಲು ಹಣ್ಣಾಗಲು ಇನ್ನು ಎರಡು ತಿಂಗಳು ಬಾಕಿ ಇದೆ. ಸಂಘದ ಅರ್ಧದಷ್ಟು ಜನರಿಗೆ ಈ ಕೆಲಸವನ್ನೇ ಕೈಬಿಡಬೇಕೆನ್ನಿಸಿದೆ. ಬಿಡಬಾರದು ಎಂಬುದು ನನ್ನ ಆಸೆ. ಯಾವುದನ್ನು ಮೊದಲು ಸರಿಪಡಿಸಿಕೊಳ್ಳಬೇಕು ಎಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೇ ಮಂಡಿ

ಅಕ್ಕಾ, ಪಾಕ, ಬಾಟಲಿಗಳೆಲ್ಲ ಆಮೇಲೆ. ನಿಮ್ಮ ಕಾನಿನ ಕಿರು ಉತ್ಪನ್ನದ, ಅಂದರೆ ಮರಮುಟ್ಟು ಬಿಟ್ಟು ಉಳಿದ ಹುಟ್ಟುವಳಿಯ ಹಕ್ಕು ಈಗ ಯಾರ ಹೆಸರಿನಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ನಾನು ಇಪ್ಪತ್ತು ವರ್ಷ ಸಾಗರದಲ್ಲಿ ಕಾಡುತ್ಪತ್ತಿಯ ವ್ಯಾಪಾರ ಮಾಡಿದವನು. ಮಾಲು ಎಷ್ಟೇ ಚೆನ್ನಾಗಿರಲಿ, ರಹದಾರಿ (ಸಾಗಾಣಿಕೆಯ ಪರವಾನಗಿ) ಇಲ್ಲದಿದ್ದರೆ ಅದು ರಸ್ತೆಯಲ್ಲೇ ಉಳಿಯುತ್ತದೆ.

ಇರುವಕ್ಕಿಯಲ್ಲಿ ಓದಿದವನು

ಬಾಟಲಿ ಸಿಡಿದದ್ದಕ್ಕೆ ಕಾರಣ ಸ್ಪಷ್ಟವಾಗಿದೆ. ಪಾಕದಲ್ಲಿ ಸಕ್ಕರೆಯ ಸಾಂದ್ರತೆ ಸಾಲದೆ ಹೋದಾಗ ಹುದುಗು ಬೆಳೆದು, ಅದು ಬಿಡುವ ಅನಿಲ ಮುಚ್ಚಳವನ್ನು ನೂಕುತ್ತದೆ. ಪಾಕದಲ್ಲಿ ಕರಗಿದ ಘನಾಂಶ ನೂರಕ್ಕೆ 65ಕ್ಕಿಂತ ಕಡಿಮೆ ಇರಬಾರದು. ಹಳೆಯ ಪದ್ಧತಿಯಲ್ಲಿ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಸಕ್ಕರೆಯನ್ನು ಪದರ ಪದರವಾಗಿ ಹಾಕಿ ಏಳು ದಿನ ಬಿಡುತ್ತಾರೆ, ಆಗ ಸಿಪ್ಪೆಯ ರಸವೆಲ್ಲ ತಾನಾಗಿಯೇ ಸಕ್ಕರೆಗೆ ಇಳಿಯುತ್ತದೆ. ಆದರೆ ಮಳೆ ಬಿದ್ದ ಮೇಲೆ ಕೊಯ್ದ ಹಣ್ಣಿನಲ್ಲಿ ನೀರು ಹೆಚ್ಚಿರುವುದರಿಂದ ಅದೇ ಅಳತೆ ಹಾಕಿದರೂ ಪಾಕ ತೆಳುವಾಗುತ್ತದೆ. ನೀವು ಕೊಯ್ದದ್ದು ಮೇ ತಿಂಗಳ ಕೊನೆಗೇ ಇರಬೇಕು ಎಂದು ನನ್ನ ಊಹೆ.

ಬ್ರಿಕ್ಸ್, ಅಂದರೆ ಈ ಘನಾಂಶವನ್ನು ಅಳೆಯುವ ಕೈಮಾಪಕವೊಂದನ್ನು ಕೊಳ್ಳಿ, ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಒಂದು ಹನಿ ಪಾಕವನ್ನು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಪ್ರತಿ ಹಂಡೆಯ ಅಂಕಿಯನ್ನೂ ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಪೂರ್ತಿ ಆರಿದ ಮೇಲೆ ತುಂಬಬೇಕು. ಒಳಗೆ ಒಂದು ಚಮಚ ನೀರು ಉಳಿದರೂ ಪಾಕದ ಮೇಲ್ಪದರ ತೆಳುವಾಗಿ ಹುದುಗು ಅಲ್ಲಿಂದಲೇ ಶುರುವಾಗುತ್ತದೆ.

ಕಾನಂಚಿನ ಮನೆ

ನಿಮ್ಮ ಊಹೆ ಸರಿ. ಮೇ 28ರ ನಂತರ ಕೊಯ್ದ ಹಣ್ಣು ಅದು. ಅದಕ್ಕೆ ಮೊದಲು ಮಾಡಿದ ಪಾಕದಲ್ಲಿ ಒಂದು ಬಾಟಲಿಯೂ ಕೆಟ್ಟಿಲ್ಲ. ನಾವು ಬಾಟಲಿಯನ್ನು ದೂರಿದೆವೇ ಹೊರತು ಮಳೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಟ್ಟದ ಭರಣಿ

ಮಳೆ ಬಿದ್ದ ಮೇಲೆ ಸಿಕ್ಕ ಹಣ್ಣನ್ನು ಪಾಕಕ್ಕೆ ಹಾಕಲೇಬೇಡಿ, ತಂಗೀ. ನಮ್ಮ ಮನೆಯಲ್ಲಿ ಅಂಥ ಹಣ್ಣಿನ ಸಿಪ್ಪೆಯನ್ನು ಉಪ್ಪು ಬೆರೆಸಿ, ಅದೇ ಹಣ್ಣಿನ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿ, ಸಾರಿಗೆ ಹಾಕುವ ಹುಳಿಯಾಗಿ ಇಡುತ್ತಿದ್ದರು. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಬೀಜವನ್ನೂ ಎಸೆಯಬೇಡಿ. ಅದನ್ನು ಒಣಗಿಸಿ ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ತುಪ್ಪ ತಣಿದಾಗ ಗಟ್ಟಿಯಾಗುತ್ತದೆ. ಒಡೆದ ಹಿಮ್ಮಡಿಗೆ ನಾನು ಎಪ್ಪತ್ತು ವರ್ಷಗಳಿಂದ ಹಚ್ಚುತ್ತಿರುವುದು ಅದನ್ನೇ.

ಸೊರಬದ ಮೇಷ್ಟ್ರು

ಹಕ್ಕಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ಹೆಚ್ಚಿನವರು ಗುತ್ತಿಗೆದಾರರನ್ನು ಒಪ್ಪಿಸುವ ದಾರಿಯನ್ನಷ್ಟೇ ಯೋಚಿಸುತ್ತಾರೆ.

2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಸಿ) ಕಲಮು, ಸಾಂಪ್ರದಾಯಿಕವಾಗಿ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ, ಅವುಗಳನ್ನು ಸಂಗ್ರಹಿಸುವ, ಬಳಸುವ ಮತ್ತು ಮಾರುವ ಹಕ್ಕನ್ನೂ ಅರಣ್ಯವಾಸಿಗಳಿಗೆ ಮಾನ್ಯ ಮಾಡುತ್ತದೆ. ಬಿದಿರು, ಬೆತ್ತ, ಜೇನು, ಮೇಣ, ಅರಗು, ಔಷಧಿ ಸಸ್ಯಗಳೆಲ್ಲ ಅದರ ವ್ಯಾಪ್ತಿಯಲ್ಲಿವೆ. 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಇನ್ನೂ ಮುಂದೆ ಹೋಗಿ, ಊರಿನ ಮಟ್ಟದಲ್ಲಿ ಸಂಸ್ಕರಿಸುವುದು, ಮೌಲ್ಯ ಹೆಚ್ಚಿಸುವುದು ಮತ್ತು ಕಾಡಿನ ಹೊರಗೆ ಸಾಗಿಸುವುದು ಸಹ ಈ ಹಕ್ಕಿನೊಳಗೇ ಬರುತ್ತವೆ ಎಂದೂ, ಇದಕ್ಕೆ ಯಾವ ರಾಜಧನವನ್ನೂ ಶುಲ್ಕವನ್ನೂ ವಸೂಲು ಮಾಡುವಂತಿಲ್ಲ ಎಂದೂ ಹೇಳಿವೆ. ಸಾಗಾಣಿಕೆಯ ರಹದಾರಿಯನ್ನು ಗ್ರಾಮಸಭೆ ನೇಮಿಸಿದ ಸಮಿತಿಯೇ ಕೊಡಬಹುದು. ನಮ್ಮ ಜಿಲ್ಲೆಯಲ್ಲಿ ಜನ ಅರ್ಜಿ ಹಾಕಿದ್ದೆಲ್ಲ ಬಹುಮಟ್ಟಿಗೆ ಜಮೀನಿಗೆ, ಅಂದರೆ ‘ಎ’ ನಮೂನೆಯಲ್ಲಿ. ಸಮುದಾಯದ ಹಕ್ಕಿಗೆ ‘ಬಿ’ ನಮೂನೆಯೂ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ‘ಸಿ’ ನಮೂನೆಯೂ ಇವೆ ಎಂಬುದೇ ಅನೇಕ ಪಂಚಾಯಿತಿಗಳಲ್ಲಿ ಚರ್ಚೆಗೆ ಬಂದಿಲ್ಲ.

ಇದು ಕಾಗದದ ಮಾತಷ್ಟೇ ಎನ್ನುವವರು ಬಿಳಿಗಿರಿರಂಗನ ಬೆಟ್ಟದ ಕಡೆ ನೋಡಬೇಕು. ಅಲ್ಲಿನ ಸೋಲಿಗರು ಹುಲಿ ರಕ್ಷಿತಾರಣ್ಯದೊಳಗೆಯೇ 2011ರಲ್ಲಿ ಸಮುದಾಯ ಹಕ್ಕುಪತ್ರ ಪಡೆದರು.

ಹಿನ್ನೀರಿನಾಚೆ

ಮೇಷ್ಟ್ರೇ, ನೀವು ಬರೆದದ್ದೆಲ್ಲ ನಿಜವಿರಬಹುದು. ಆದರೆ ಸೋಲಿಗರು ಪರಿಶಿಷ್ಟ ಪಂಗಡದವರು. ನಮ್ಮಂಥವರಿಗೆ ಅದೇ ಕಾಯ್ದೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೇಳುತ್ತದೆ. ನಮ್ಮ ಅಜ್ಜನ ಊರು ಶರಾವತಿಯ ನೀರಿನಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದವರು ಸರ್ಕಾರದವರೇ. ಈಗ ಅದೇ ಕಾಡಿನಲ್ಲಿ 1930ರಿಂದ ಇದ್ದೀರಾ ಎಂದು ಕೇಳಿದರೆ ನಾವು ಯಾವ ಕಾಗದ ತೋರಿಸಬೇಕು? ನಾಡಿಗೆ ಬೆಳಕು ಕೊಟ್ಟವರು ನಾವು, ಒಂದು ಬುಟ್ಟಿ ಮುರುಗಲಿಗೆ ಹಕ್ಕಿಲ್ಲದವರೂ ನಾವೇ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಸೊರಬದ ಮೇಷ್ಟ್ರು

ನಿಮ್ಮ ಸಂಕಟ ನ್ಯಾಯವಾದದ್ದು, ಅದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೂ ಒಂದು ಮಾತು ಸೇರಿಸುತ್ತೇನೆ. ಕಾನಂಚಿನ ಮನೆಯವರ ಊರಿನಲ್ಲಿ ಪರಿಶಿಷ್ಟ ಪಂಗಡದವರಾದ ಹಸಲರ ಅಥವಾ ಗೌಡಲು ಜನರ ಮನೆಗಳಿದ್ದರೆ, ಆ ಕುಟುಂಬಗಳನ್ನು ಮುಂದಿಟ್ಟುಕೊಂಡು ಗ್ರಾಮಸಭೆ ಸಮುದಾಯ ಹಕ್ಕಿಗೆ ಅರ್ಜಿ ಹಾಕಲು ಸಾಧ್ಯ. ಅಂಥವರು ಸಂಘದ ಸದಸ್ಯರಾಗಿರಬೇಕು ಮತ್ತು ಲಾಭದಲ್ಲಿ ಸಮಪಾಲು ಪಡೆಯಬೇಕು. ಅವರ ಹೆಸರನ್ನಷ್ಟೇ ಬಳಸಿಕೊಳ್ಳುವುದು ದೊಡ್ಡ ಅನ್ಯಾಯವಾಗುತ್ತದೆ.

ಕಾನಂಚಿನ ಮನೆ

ನಮ್ಮ ಹದಿನಾಲ್ಕು ಜನರಲ್ಲಿ ನಾಲ್ವರು ಹಸಲರು. ಯಾವ ಮರ ಯಾವ ವಾರ ಹಣ್ಣಾಗುತ್ತದೆ ಎಂದು ನಮಗೆಲ್ಲ ಹೇಳಿಕೊಡುವವರೂ ಅವರೇ.

ಮಂಗಟ್ಟೆ ಕಾಯುವವನು

ಇದುವರೆಗಿನ ಚರ್ಚೆಯಲ್ಲಿ ಮರದ ಪರವಾಗಿ ಯಾರೂ ಮಾತನಾಡಿಲ್ಲ. ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು, ಆದರೂ ಬರೆಯಲೇಬೇಕು.

1990ರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಸುದ್ದಿ ವಿದೇಶಗಳಲ್ಲಿ ಹಬ್ಬಿ, ಅಲ್ಲಿಯವರೆಗೆ ಮೀನುಸಾರಿಗೂ ಗೊಜ್ಜಿಗೂ ಬಳಕೆಯಾಗುತ್ತಿದ್ದ ಈ ಹುಳಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಆಗ ನಮ್ಮ ಬೆಟ್ಟಗಳಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಣ್ಣು ಹಳದಿಯಾಗಿ ತಾನಾಗಿ ಉದುರುವವರೆಗೆ ಕಾದರೆ ಬೇರೆಯವರ ಪಾಲಾಗುತ್ತದೆ ಎಂಬ ಭಯದಿಂದ ಹಸಿರು ಕಾಯನ್ನೇ ಬಡಿದರು, ಹತ್ತಲು ಸೋಮಾರಿತನವಾದಾಗ ಕೊಂಬೆಯನ್ನೇ ಕಡಿದು ಕೆಳಗೆ ಹಾಕಿದರು. ಕೊಂಬೆ ಹೋದ ಮರ ಮರುವರ್ಷ ಕಾಯಿ ಕೊಡುವುದಿಲ್ಲ. ಜಡಿಮಳೆಯಲ್ಲಿ ಸಿಪ್ಪೆ ಒಣಗಿಸಲು ರಾತ್ರಿ ಹಗಲು ಒಲೆ ಉರಿಸಿದ್ದರಿಂದ ಅದೇ ಕಾಡಿನ ಬೇರೆ ಮರಗಳು ಸೌದೆಯಾದವು.

ಆ ಹಣ್ಣನ್ನು ಸಿಂಗಳೀಕ ತಿನ್ನುತ್ತದೆ, ಕೆಂಜಳಿಲು ತಿನ್ನುತ್ತದೆ. ರಾಮಪತ್ರೆಯ ಹಣ್ಣಿಗೆ ಮಂಗಟ್ಟೆ ಹಕ್ಕಿ ಬರುತ್ತದೆ. ಹಕ್ಕಿನ ಮಾತಾಡುವವರು ಇವುಗಳ ಪಾಲನ್ನೂ ಲೆಕ್ಕದಲ್ಲಿ ಇಡಲಿ ಎಂದು ಕೇಳಿಕೊಳ್ಳುತ್ತೇನೆ.

ಕಾನಂಚಿನ ಮನೆ

ನೀವು ಹೇಳಿದ್ದನ್ನು ನಾನೂ ಚಿಕ್ಕವಳಿದ್ದಾಗ ಕಂಡಿದ್ದೇನೆ, ಅಲ್ಲಗಳೆಯುವುದಿಲ್ಲ. ಆದರೆ ಕೊಂಬೆ ಕಡಿದವರು ಯಾರು ಮತ್ತು ಏಕೆ ಕಡಿದರು ಎಂಬುದನ್ನೂ ಯೋಚಿಸಿ. ಯಾರ ಮರವೂ ಅಲ್ಲ, ಮುಂದಿನ ವರ್ಷ ಗುತ್ತಿಗೆ ಯಾರಿಗೋ ಹೋಗುತ್ತದೆ ಎಂದಾದಾಗ ಇಂದು ಸಿಕ್ಕಿದ್ದನ್ನು ಬಾಚಿಕೊಳ್ಳುವ ಮನಸ್ಸು ಬರುತ್ತದೆ. ನಮ್ಮ ಹಿತ್ತಿಲಿನ ಮುರುಗಲಿನ ಕೊಂಬೆಯನ್ನು ಯಾರೂ ಕಡಿಯುವುದಿಲ್ಲ. ಕಾನಿನ ಮರವೂ ಹತ್ತು ವರ್ಷ ನಮ್ಮ ಜವಾಬ್ದಾರಿಯಲ್ಲೇ ಇರುತ್ತದೆ ಎಂದು ಖಾತ್ರಿಯಾದರೆ, ಅದನ್ನು ಕಾಯಲು ನಾವೇ ಸರದಿಯ ಮೇಲೆ ಹೋಗುತ್ತೇವೆ.

ಮಂಗಟ್ಟೆ ಕಾಯುವವನು

ಆ ಮಾತನ್ನು ನಾನು ಒಪ್ಪುತ್ತೇನೆ. ಹಾಗಾದರೆ ಹಕ್ಕಿನ ಅರ್ಜಿಯ ಜೊತೆಯಲ್ಲೇ ಸಂಘದ ಕಟ್ಟಳೆಯನ್ನೂ ಬರೆದು ಗ್ರಾಮಸಭೆಯ ಮುಂದಿಡಿ. ಉಪ್ಪಾಗೆಯಲ್ಲಿ ಉದುರಿದ ಹಣ್ಣನ್ನು ಮಾತ್ರ ಆರಿಸುವುದು, ಪ್ರತಿ ಮರದ ಬುಡದಲ್ಲಿ ಒಂದು ಪಾಲು ಬಿಡುವುದು, ಸಿಪ್ಪೆ ತೆಗೆದ ಮೇಲೆ ಬೀಜವನ್ನು ಕಾನಿಗೇ ಹಿಂದಿರುಗಿಸುವುದು, ಕತ್ತಿ ಹಿಡಿದು ಕಾಡಿಗೆ ಹೋಗದಿರುವುದು. ಮಾಗಿದ ಹಣ್ಣಿನ ಸಿಪ್ಪೆ ದಪ್ಪವಾಗಿರುವುದರಿಂದ ಇದರಿಂದ ನಿಮಗೂ ನಷ್ಟವಿಲ್ಲ. ನಿಮ್ಮ ಕಾನು ಶರಾವತಿ ಅಭಯಾರಣ್ಯದ ಗಡಿಯೊಳಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ವನ್ಯಜೀವಿ ಕಾಯ್ದೆಯ 29ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ ವ್ಯಾಪಾರಕ್ಕಾಗಿ ಏನನ್ನೂ ತರುವಂತಿಲ್ಲ. ಅರಣ್ಯ ಹಕ್ಕು ಮಾನ್ಯವಾಗದೆ ಅಲ್ಲಿಗೆ ಕೈ ಹಾಕಿದರೆ ಮೊಕದ್ದಮೆ ಆಗುತ್ತದೆ.

ತೀರ್ಥಹಳ್ಳಿ ತೋಟಿಗ

ಕಾನು ಒಂದು ಕಡೆ ಇರಲಿ, ನಿಮ್ಮ ಬೇಣಗಳಲ್ಲಿ, ಅಂದರೆ ಹುಲ್ಲಿನ ಜಾಗಗಳಲ್ಲಿ ಏನು ಬೆಳೆಯುತ್ತಿದ್ದೀರಿ? ನಮ್ಮ ಕಡೆ ಖಾಲಿ ಜಾಗವೆಲ್ಲ ಅಕೇಶಿಯಾ ಆಗಿದೆ, ಉಳಿದದ್ದು ಅಡಿಕೆಯಾಗುತ್ತಿದೆ. ಎಲೆಚುಕ್ಕೆ ರೋಗ ಬಂದ ಮೇಲೆ ಅಡಿಕೆಯೊಂದನ್ನೇ ನಂಬುವುದು ಎಷ್ಟು ಅಪಾಯ ಎಂದು ನಮಗೆ ಅರ್ಥವಾಗಿದೆ. ನಾನು ಏಳು ವರ್ಷಗಳ ಹಿಂದೆ ಬೇಣದ ಅಂಚಿನಲ್ಲಿ ನಲವತ್ತು ಮುರುಗಲು ಸಸಿ ನೆಟ್ಟೆ. ಬೀಜದಿಂದ ಎಬ್ಬಿಸಿದ ಸಸಿಗಳು ಅವು. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಎಂಬುದು ನನಗೆ ತಿಳಿದದ್ದು ಹೂ ಬಿಟ್ಟಾಗ. ಹೂ ಬಿಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಾಗಿದ್ದವು, ಅವುಗಳಲ್ಲಿ ಕಾಯಿ ಬರುವುದಿಲ್ಲ. ಈಗ ಅವಕ್ಕೆ ಹೆಣ್ಣು ಮರದ ಕಡ್ಡಿ ಕಸಿ ಮಾಡಿಸುತ್ತಿದ್ದೇನೆ. ನೀವು ನೆಡುವುದಾದರೆ ಮೊದಲೇ ಹೆಣ್ಣು ಮರದ ಕಸಿ ಗಿಡವನ್ನೇ ತನ್ನಿ, ಪರಾಗಕ್ಕೆಂದು ನಡುನಡುವೆ ಕೆಲವು ಗಂಡು ಮರಗಳಿದ್ದರೆ ಸಾಕು. ಉಪ್ಪಿನಕಾಯಿಯ ಅಪ್ಪೆಮಿಡಿ ಮಾವು ಉಳಿದದ್ದೂ ಹೀಗೆಯೇ. ಹೊಳೆಯಂಚಿನ ಹಳೆಯ ಮರಗಳು ಒಂದೊಂದಾಗಿ ಹೋದವು, ಕಸಿ ಕಟ್ಟಿ ಮನೆಯ ಹಿತ್ತಿಲಿಗೆ ತಂದುಕೊಂಡ ತಳಿಗಳು ಮಾತ್ರ ಇವತ್ತಿಗೂ ಮಿಡಿ ಬಿಡುತ್ತಿವೆ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಉಪ್ಪಾಗೆ ಒಣಗಿಸಲು ಹೊಸ ಯಂತ್ರ ಕೊಳ್ಳುವ ಯೋಚನೆ ಬೇಡ. ನಿಮ್ಮ ಸಂಘದಲ್ಲಿ ಐದು ತೋಟದ ಮನೆಗಳಿವೆ ಎಂದಿರಿ. ಅವರಲ್ಲಿ ಯಾರ ಮನೆಯಲ್ಲಾದರೂ ಅಡಿಕೆ ಡ್ರೈಯರ್ ಇದೆಯೇ? ಅಡಿಕೆ ಸುಗ್ಗಿ ಮುಗಿದ ಮೇಲೆ ಅದು ಖಾಲಿ ಇರುತ್ತದೆ. ಉಪ್ಪಾಗೆ ಬೀಳುವ ಜುಲೈ, ಆಗಸ್ಟ್‌ನಲ್ಲಿ ಅದಕ್ಕೆ ಬೇರೆ ಕೆಲಸವೇ ಇಲ್ಲ.

ಹಳೇ ಮಂಡಿ

ತೋಟಿಗರ ಸಲಹೆ ಬಹಳ ಒಳ್ಳೆಯದು, ನಾನು ಇಷ್ಟು ವರ್ಷ ವ್ಯಾಪಾರ ಮಾಡಿಯೂ ಇದು ಹೊಳೆದಿರಲಿಲ್ಲ. ಆದರೆ ಒಂದು ಎಚ್ಚರಿಕೆ ಇದೆ. ಉಪ್ಪಾಗೆಯ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಡ್ರೈಯರಿನ ಜಾಲರಿಯ ಮೇಲೆ ನೇರವಾಗಿ ಹರಡಿದರೆ ತಟ್ಟೆ ತುಕ್ಕು ಹಿಡಿಯುತ್ತದೆ, ಸಿಪ್ಪೆಗೂ ಕಬ್ಬಿಣದ ರುಚಿ ಬರುತ್ತದೆ. ಹಿಂದಿನ ಸುಗ್ಗಿಯ ಅಡಿಕೆಯ ಚೊಗರು ಅಂಟಿಕೊಂಡಿದ್ದರೆ ಅದೂ ಸಿಪ್ಪೆಗೆ ಇಳಿಯುತ್ತದೆ. ತೊಳೆದು, ಮೇಲೆ ಬಿದಿರಿನ ತಟ್ಟಿ ಹಾಸಿ ಅದರ ಮೇಲೆ ಹರಡಬೇಕು. ಹೊಗೆ ಕುಡಿಯದೆ ಬಿಸಿಗಾಳಿಯಲ್ಲಿ ಒಣಗಿದ ಸಿಪ್ಪೆಯನ್ನು ಮಂಡಿಯಲ್ಲಿ ಮುಟ್ಟಿ ನೋಡಿದ ಕೂಡಲೇ ಗುರುತಿಸುತ್ತಾರೆ, ಅದಕ್ಕೆ ದರವೂ ಬೇರೆಯೇ.

ಅಟ್ಟದ ಭರಣಿ

ಹೊಗೆ ಹಿಡಿದ ಉಪ್ಪಾಗೆಯೇ ಮೀನುಸಾರಿಗೆ ರುಚಿ. ಮನೆಗೆ ಬೇಕಾದಷ್ಟನ್ನು ಅಟ್ಟದ ಮೇಲೆಯೇ ಒಣಗಿಸಿಕೊಳ್ಳಿ.

ಬೆಂಗಳೂರಿನಲ್ಲಿರುವ ಸಾಗರದವಳು

ಅಕ್ಕಾ, ನಿಮ್ಮ ಪದಾರ್ಥಗಳಿಗೆ ಬೆಂಗಳೂರಿನಲ್ಲಿ ಬೇಡಿಕೆ ಖಂಡಿತ ಇದೆ. ನಾನು ವಾಸಿಸುವ ಬಹುಮಹಡಿ ಕಟ್ಟಡದಲ್ಲಿಯೇ ಮೂವತ್ತು ಮನೆಯವರು ಸೀಗೆಪುಡಿ ಕೊಳ್ಳಲು ಸಿದ್ಧರಿದ್ದಾರೆ. ಉಪ್ಪಾಗೆಯ ಪೊಟ್ಟಣದ ಮೇಲೆ ‘ತೂಕ ಇಳಿಸುತ್ತದೆ’ ಎಂದು ಬರೆಸಿದರೆ ಎರಡು ಪಟ್ಟು ಬೆಲೆಗೆ ಹೋಗುತ್ತದೆ, ಅಂತರ್ಜಾಲದಲ್ಲಿ ಎಲ್ಲರೂ ಹಾಗೆಯೇ ಮಾರುತ್ತಿದ್ದಾರೆ.

ಇರುವಕ್ಕಿಯಲ್ಲಿ ಓದಿದವನು

ದಯವಿಟ್ಟು ಹಾಗೆ ಬರೆಸಬೇಡಿ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ಉಪ್ಪಾಗೆಯ ಸಾರವನ್ನೂ ಇನ್ನೊಂದಕ್ಕೆ ಅದೇ ರೂಪದ ಬರಿಯ ಗುಳಿಗೆಯನ್ನೂ ಕೊಟ್ಟು ನೋಡಿತು. ತೂಕ ಇಳಿದದ್ದರಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಸಾಂದ್ರಗೊಳಿಸಿದ ಗುಳಿಗೆಗಳನ್ನು ನುಂಗಿದ ಕೆಲವರಿಗೆ ಯಕೃತ್ತಿನ ತೊಂದರೆಯಾದ ವರದಿಗಳೂ ಬಂದಿವೆ. ಸಾರಿಗೆ ಹಾಕುವ ಹುಳಿ ಬೇರೆ, ಔಷಧಿ ಎಂದು ನುಂಗಿಸುವ ಗುಳಿಗೆ ಬೇರೆ. ನಮ್ಮ ಹೆಣ್ಣುಮಕ್ಕಳ ಹೆಸರಿನಲ್ಲಿ ಸುಳ್ಳು ಮಾರಾಟವಾಗಬಾರದು.

ಸೀಗೆಪುಡಿಯ ವಿಷಯದಲ್ಲೂ ಜಾಗ್ರತೆ ಬೇಕು. ಆಹಾರ ಪದಾರ್ಥಗಳಿಗೆ ಸಣ್ಣ ತಯಾರಕರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿದರೆ ಸಾಕಾಗುತ್ತದೆ. ಆದರೆ ‘ಕೂದಲಿಗೆ ಹಚ್ಚುವ ಪುಡಿ’ ಎಂದು ಮುದ್ರಿಸಿದ ಕೂಡಲೇ ಅದು ಸೌಂದರ್ಯವರ್ಧಕವಾಗುತ್ತದೆ, ತಯಾರಿಕೆಗೆ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕಾಗುತ್ತದೆ. ಆರಂಭದಲ್ಲಿ ಬೀಜ ತೆಗೆದು ಒಣಗಿಸಿದ ಇಡೀ ಸೀಗೆಕಾಯಿಯನ್ನೇ ಚೊಕ್ಕವಾಗಿ ಕಟ್ಟಿ ಮಾರುವುದು ಕ್ಷೇಮ.

ಬೆಂಗಳೂರಿನಲ್ಲಿರುವ ಸಾಗರದವಳು

ಇದು ನನಗೆ ತಿಳಿದಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದಗಳು. ಇಡೀ ಕಾಯಿಯಾದರೂ ನಮ್ಮ ಕಟ್ಟಡದವರು ಕೊಳ್ಳುತ್ತಾರೆ. ತಾಯಂದಿರು ಮನೆಯಲ್ಲೇ ಪುಡಿ ಮಾಡಿಕೊಳ್ಳುತ್ತಾರೆ.

ತುಡುವೆ

ಜೇನಿನ ಬಗ್ಗೆ ಯಾರೂ ಬರೆಯದಿರುವುದು ಆಶ್ಚರ್ಯ. ನಮ್ಮ ಮಲೆನಾಡಿನ ತುಡುವೆ ಜೇನು 1991ರ ಸುಮಾರಿಗೆ ಬಂದ ಥಾಯ್ ಸ್ಯಾಕ್‌ಬ್ರೂಡ್ ರೋಗದಿಂದ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ನನ್ನ ತಂದೆಯವರ ಇಪ್ಪತ್ತೆರಡು ಪೆಟ್ಟಿಗೆಗಳಲ್ಲಿ ಒಂದೇ ಒಂದು ಕುಟುಂಬ ಉಳಿಯಿತು. ಮರಿಗಳು ಎರಿಯೊಳಗೆ ನೀರು ತುಂಬಿದ ಚೀಲದಂತಾಗಿ ಸತ್ತಿರುತ್ತಿದ್ದವು. ಆ ಒಂದು ಕುಟುಂಬವನ್ನೇ ಪಾಲು ಮಾಡುತ್ತ ಬಂದು ಈಗ ಮತ್ತೆ ಹದಿನೆಂಟು ಪೆಟ್ಟಿಗೆಗಳಾಗಿವೆ.

ನಿಮ್ಮ ಸಂಘಕ್ಕೆ ಕಾಡಿನ ಹೆಜ್ಜೇನಿಗಿಂತ ತುಡುವೆ ಪೆಟ್ಟಿಗೆ ಒಳ್ಳೆಯದು. ಹಿತ್ತಿಲಿನಲ್ಲೇ ಇರುತ್ತದೆ, ಮರ ಹತ್ತಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಆದರೆ ಎರಿಯ ಕಣ್ಣುಗಳಿಗೆ ಮೇಣದ ಮುಚ್ಚಿಗೆ ಬೀಳುವ ಮೊದಲೇ ಜೇನುತುಪ್ಪ ತೆಗೆಯಬಾರದು. ನೀರಿನಂಶ ನೂರಕ್ಕೆ 20 ಮೀರಿದರೆ ಮಾನದಂಡಕ್ಕೆ ನಿಲ್ಲುವುದಿಲ್ಲ, ನಿಮ್ಮ ಪಾಕದ ಹಾಗೆಯೇ ಹುಳಿಯುತ್ತದೆ. ಮರಿಯಿರುವ ಎರಿಯನ್ನು ಹಿಂಡುವುದಂತೂ ಪಾಪದ ಕೆಲಸ. ಅದರಿಂದ ತುಪ್ಪವೂ ಕೆಡುತ್ತದೆ, ಕುಟುಂಬವೂ ನಾಶವಾಗುತ್ತದೆ.

ಹಾಳೆತಟ್ಟೆ

ನನ್ನದು ಕಾಡಿನ ಉತ್ಪನ್ನವಲ್ಲ, ಆದರೂ ಈ ಚರ್ಚೆಗೆ ಸಂಬಂಧವಿದೆ ಎಂದು ಬರೆಯುತ್ತಿದ್ದೇನೆ. ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕ ನಮ್ಮದು, ಎಂಟು ಹೆಣ್ಣುಮಕ್ಕಳಿಗೆ ಕೆಲಸವಿತ್ತು. ಹೆಚ್ಚಿನ ಮಾಲು ರಫ್ತುದಾರರ ಮೂಲಕ ಅಮೆರಿಕಕ್ಕೆ ಹೋಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶಗಳು ಊಟಕ್ಕೆ ಇಳಿಯಬಹುದೆಂದು ಹೇಳಿ ಹಾಳೆತಟ್ಟೆಗಳನ್ನು ಬಾರದಂತೆ ಮಾಡಿತು. ಒಂದೇ ವಾರದಲ್ಲಿ ಬೇಡಿಕೆ ನಿಂತಿತು. ಯಂತ್ರದ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಈಗ ಮದುವೆ, ದೇವಸ್ಥಾನ, ಜಾತ್ರೆಗಳಿಗೆ ಕೊಟ್ಟು ನಾಲ್ಕು ಜನರ ಕೆಲಸ ಉಳಿಸಿಕೊಂಡಿದ್ದೇನೆ. ನಿಮ್ಮ ಉಪ್ಪಾಗೆಯನ್ನು ಒಬ್ಬನೇ ಖರೀದಿದಾರ ಪೂರ್ತಿ ಕೊಳ್ಳುತ್ತೇನೆಂದು ಬಂದರೂ ಅರ್ಧವನ್ನಾದರೂ ಶಿವಮೊಗ್ಗ, ಸಾಗರ, ಕುಂದಾಪುರದ ಅಂಗಡಿಗಳಿಗೆಂದು ತೆಗೆದಿಡಿ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಲ್ಲಿ ಮಳಿಗೆ ಹಾಕಿದರೆ ಆಗುವ ಪರಿಚಯ ಬೇರೆಲ್ಲೂ ಆಗುವುದಿಲ್ಲ.

ಹೊಸನಗರ ರಸ್ತೆ

ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಯೋಜನೆಯಲ್ಲಿ ಯೋಜನೆಯ ನೂರಕ್ಕೆ 35, ರಾಜ್ಯ ಹೆಚ್ಚುವರಿಯಾಗಿ ಕೊಡುವ 15 ಸೇರಿ ಅರ್ಧದಷ್ಟು ಸಹಾಯಧನ ಸಿಗುವಂತೆ ಮಾಡಿದ್ದರು. ಸ್ವಸಹಾಯ ಸಂಘದ ಸದಸ್ಯೆಯೊಬ್ಬರಿಗೆ 40,000 ರೂಪಾಯಿಯವರೆಗೆ ಮೂಲ ಬಂಡವಾಳವೂ ಅದರಲ್ಲಿತ್ತು. ದೊಡ್ಡ ಘಟಕವನ್ನೇ ಹಾಕಿ, ಹೇಗಾದರೂ ನಡೆಯುತ್ತದೆ.

ಹಾಳೆತಟ್ಟೆ

ಸಹಾಯಧನವೆಂದರೆ ಉಳಿದ ಅರ್ಧ ಸಾಲ ಎಂದೇ ಅರ್ಥ. ಮೊದಲ ಎರಡು ವರ್ಷ ಮನೆಯ ಹಂಡೆ, ನೆರೆಮನೆಯ ಡ್ರೈಯರುಗಳಲ್ಲೇ ಕೆಲಸ ಮಾಡಿ, ಎಷ್ಟು ಮಾಲು ನಿಜವಾಗಿ ಮಾರಾಟವಾಗುತ್ತದೆ ಎಂಬ ಲೆಕ್ಕ ಕೈಗೆ ಬಂದ ಮೇಲೆ ಯಂತ್ರದ ಮಾತಾಡಲಿ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಕಂತು ಕಟ್ಟುತ್ತಿರುವವನಾಗಿ ಹೇಳುತ್ತಿದ್ದೇನೆ.

ಸೊರಬದ ಮೇಷ್ಟ್ರು

ವನಧನ ವಿಕಾಸ ಕೇಂದ್ರಗಳನ್ನೂ ಮರೆಯಬಾರದು. 2018ರಲ್ಲಿ ಆರಂಭವಾದ ಆ ಯೋಜನೆ ಸುಮಾರು ಇಪ್ಪತ್ತು ಸದಸ್ಯರ ಹದಿನೈದು ಸಂಘಗಳನ್ನು, ಅಂದರೆ 300 ಸಂಗ್ರಾಹಕರನ್ನು ಒಂದು ಕೇಂದ್ರವಾಗಿ ಕೂಡಿಸಿ, ಕೇಂದ್ರವೊಂದಕ್ಕೆ 15 ಲಕ್ಷ ರೂಪಾಯಿ ಕೊಡುವಂಥದ್ದು. ಬುಡಕಟ್ಟು ಸದಸ್ಯರು ಹೆಚ್ಚಿರಬೇಕೆಂಬ ಷರತ್ತಿದೆ. ನಿಮ್ಮದೊಂದೇ ಸಂಘದಿಂದ ಸಾಧ್ಯವಾಗದಿದ್ದರೂ ಸುತ್ತಲಿನ ಊರುಗಳ ಹಸಲರ ಕೇರಿಗಳನ್ನು ಸೇರಿಸಿಕೊಂಡರೆ ಮುಂದೊಂದು ದಿನ ಆಗಬಹುದು.

ಬುಟ್ಟಿ ಹೆಣೆಯುವವರು

ನಾವು ಮೇದರು. ಬಿದಿರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಾಡಿನ ಹೆಬ್ಬಿದಿರು ಹೂ ಬಿಟ್ಟು ಒಂದೇ ಸಲಕ್ಕೆ ಒಣಗಿ ಹೋದಾಗ ನಮ್ಮ ಕೇರಿಯ ಹುಡುಗರೆಲ್ಲ ಕಟ್ಟಡದ ಕೂಲಿಗೆ ಹೋದರು. ಆ ಮೆಳೆ ಮತ್ತೆ ಬೆಳೆದು ಹೆಣೆಯುವ ಹದಕ್ಕೆ ಬರಲು ವರ್ಷಗಳು ಬೇಕು. ಹೊಲ, ಬೇಣದಲ್ಲಿ ಬೆಳೆದ ಬಿದಿರನ್ನು 2017ರಲ್ಲಿ ಅರಣ್ಯ ಕಾಯ್ದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಕೇಂದ್ರ ಸರ್ಕಾರ ತೆಗೆದುಹಾಕಿತು. ಆದರೂ ನಮ್ಮ ಊರಿನಲ್ಲಿ ಬಿದಿರು ನೆಡುವವರು ಕಡಿಮೆ. ಬೇಣದಲ್ಲಿ ಮುರುಗಲು ನೆಡುವವರು ಅದರ ಜೊತೆಗೆ ನಾಲ್ಕು ಹಿಂಡಿಲು ಬಿದಿರನ್ನೂ ಹಾಕಿದರೆ ನಮ್ಮ ಕೈಗೂ ಕೆಲಸ ಉಳಿಯುತ್ತದೆ. ಮುಳ್ಳಿಲ್ಲದ ಜಾತಿ ಹಾಕಿ, ಕಡಿಯಲು ಸುಲಭ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಣ್ಣು ತಂದರೆ ಕೆಳಗಿನದು ಬೆವರಿ ಕೊಳೆಯುತ್ತದೆ, ಬಿದಿರಿನ ಹೆಡಿಗೆಯಲ್ಲಿ ಗಾಳಿಯಾಡುತ್ತದೆ.

ಹಿನ್ನೀರಿನಾಚೆ

ನಮ್ಮ ಊರಿನಿಂದಲೂ ಒಂದು ಸಮುದಾಯ ಅರ್ಜಿ ಬರೆಯಬಹುದೇ ಎಂದು ಯೋಚಿಸುತ್ತಿದ್ದೇನೆ. ಮುಳುಗಡೆಗೆ ಮೊದಲಿನ ಊರಿನ ಕಂದಾಯ ರಸೀದಿಗಳು ಅಜ್ಜಿಯ ಪೆಟ್ಟಿಗೆಯಲ್ಲಿವೆ. ಮೇಷ್ಟ್ರೇ, ಒಮ್ಮೆ ಅವನ್ನು ನೋಡಿಕೊಡುವಿರಾ?

ಸೊರಬದ ಮೇಷ್ಟ್ರು

ಖಂಡಿತ. ರಸೀದಿಗಳ ಜೊತೆಗೆ ಊರಿನ ಹಿರಿಯರು ಹೇಳುವುದನ್ನೂ ಬರೆಸಿ, ಸಹಿ ಹಾಕಿಸಿ ತನ್ನಿ. ಅದೂ ಪುರಾವೆಯೇ ಎಂದು ನಿಯಮದಲ್ಲಿದೆ. ಫಲಿತಾಂಶದ ಭರವಸೆ ಕೊಡಲಾರೆ, ಅರ್ಜಿ ತಪ್ಪಿಲ್ಲದಂತೆ ಬರೆದುಕೊಡುತ್ತೇನೆ.

ಕಾನಂಚಿನ ಮನೆ

ನಿನ್ನೆ ಸಂಜೆ ಸಂಘದ ಸಭೆಯಲ್ಲಿ ಈ ಎಲ್ಲ ಉತ್ತರಗಳನ್ನೂ ಗಟ್ಟಿಯಾಗಿ ಓದಿದೆ. ಬಿಡಬೇಕೆಂದಿದ್ದವರಲ್ಲಿ ಇಬ್ಬರು ಇನ್ನೂ ಒಪ್ಪಿಲ್ಲ, ಹನ್ನೆರಡು ಜನ ಮುಂದುವರಿಯುತ್ತೇವೆ. ಈ ವರ್ಷ ಕಾನಿನಿಂದ ಮಾರಾಟಕ್ಕೆ ಏನನ್ನೂ ತರುವುದಿಲ್ಲ ಎಂದು ತೀರ್ಮಾನಿಸಿದೆವು. ನಮ್ಮ ಹಿತ್ತಿಲು, ಬೇಣಗಳಲ್ಲಿ ಎಣಿಸಿದರೆ ಮೂವತ್ತೊಂದು ಹೆಣ್ಣು ಮುರುಗಲು ಮರಗಳೂ ಒಂಬತ್ತು ಉಪ್ಪಾಗೆ ಮರಗಳೂ ಇವೆ. ಮಳೆಗೆ ಮೊದಲು ಸಿಕ್ಕ ಮುರುಗಲಿನಿಂದ ಮಾತ್ರ ಪಾಕ, ಆಮೇಲಿನದೆಲ್ಲ ಉಪ್ಪು ಹಾಕಿದ ಹುಳಿ. ಹಸಲರ ನಾಲ್ಕು ಮನೆಯವರೇ ಮುಂದಾಗಿ ‘ಬಿ’ ನಮೂನೆಯ ಅರ್ಜಿಯನ್ನು ಬರುವ ಗ್ರಾಮಸಭೆಗೆ ತರುತ್ತಾರೆ, ಮಂಗಟ್ಟೆಯವರು ಬರೆದ ಕಟ್ಟಳೆ ಅದರ ಜೊತೆಗೇ ಹೋಗುತ್ತದೆ. ಕೊಂಬೆ ಕಡಿದವರನ್ನು ಒಂದು ವರ್ಷ ಸಂಘದಿಂದ ಹೊರಗಿಡಬೇಕು ಎಂಬ ಸಾಲನ್ನು ಹಸಲರ ಮನೆಯವರೇ ಸೇರಿಸಿದರು.

ಡ್ರೈಯರ್ ಎರಡು ಮನೆಗಳಲ್ಲಿದೆ, ಒಬ್ಬರು ಒಪ್ಪಿದ್ದಾರೆ. ಬುಟ್ಟಿ ಹೆಣೆಯುವವರಲ್ಲಿ ಒಂದು ವಿನಂತಿ: ಅದರ ಜಾಲರಿಯ ಮೇಲೆ ಹಾಸಲು ಹನ್ನೆರಡು ತಟ್ಟಿಗಳೂ, ಹಣ್ಣು ತರಲು ಎಂಟು ಹೆಡಿಗೆಗಳೂ ಬೇಕು. ಏಪ್ರಿಲ್ ಒಳಗೆ ಆಗಬಹುದೇ?

ಬುಟ್ಟಿ ಹೆಣೆಯುವವರು

ಆಗುತ್ತದೆ, ಅಕ್ಕಾ. ಜಾಲರಿಯ ಉದ್ದ, ಅಗಲವನ್ನು ದಾರದಲ್ಲಿ ಅಳೆದು, ಗಂಟು ಹಾಕಿದ ದಾರವನ್ನೇ ಬಸ್ಸಿನವರ ಕೈಯಲ್ಲಿ ಕಳಿಸಿ. ಅಂಗುಲದ ಲೆಕ್ಕ ಹೇಳಿದರೆ ಪ್ರತಿ ಸಲವೂ ಹೆಚ್ಚುಕಡಿಮೆ ಆಗುತ್ತದೆ. ತಟ್ಟಿಯ ಕಣ್ಣು ಎಷ್ಟು ಕಿರಿದಾಗಿರಬೇಕು ಎಂದು ತಿಳಿಯಲು ಒಣಗಿದ ಉಪ್ಪಾಗೆಯ ನಾಲ್ಕು ಸಿಪ್ಪೆಗಳನ್ನೂ ಜೊತೆಯಲ್ಲಿ ಇಡಿ.